88 ಬಂತೆಂದು ಅಪ್ಪಾಜಿ ಪೇಡ ಹಂಚಿಬಿಟ್ಟರು

ಎಂಬಿಎ ಸೇರೋಕೆ ಬರೆಯುವ ಪ್ರವೇಶ ಪರೀಕ್ಷೆ ಕ್ಯಾಟ್‌ನ ರಿಸಲ್ಟ್ ಬಂದ ರಾತ್ರಿ ರಾಣೆಬೆನ್ನೂರಿಗೆ ಫೋನ್ ಮಾಡಿ ‘88’ ಅಂದೆ. ಅಷ್ಟೇ ಹೇಳಿದ್ದು. ಮರುದಿನ ಅಪ್ಪಾಜಿ ಅಂಗಡಿಗೆ ಬಂದವರಿಗೆಲ್ಲ ಪೇಡ ಕೊಟ್ಟಿದ್ದಾರೆ. ‘ನಮ್ಮ ಹುಡುಗಿ ಡಿಸ್ಟಿಂಕ್ಷನ್ ತಗೊಂಡಾಳ’ ಅಂತ. ಅವರದೇನೂ ತಪ್ಪಿಲ್ಲ. ನಮ್ಮ ಮನೆಯಲ್ಲಿ 88 ಅಂದರೆ ನೂರಕ್ಕೆ 88. ಪರ್ಸೆಂಟೈಲ್ ಲೆಕ್ಕವೇ ಬೇರೆ ಅಂತ ಆ ಹೊತ್ತಿನಲ್ಲಿ ಹೇಳೋಕೆ ನನಗೆ ಬಾಯಿ ಬರಲಿಲ್ಲ. 2024ರ ಕ್ಯಾಟ್ ಬರೆದವರು ಸುಮಾರು 2.93 ಲಕ್ಷ ಜನ. ನನ್ನ 88 ಅಂದರೆ ನನಗಿಂತ ಮುಂದೆ ಇನ್ನೂ ಸುಮಾರು 35 ಸಾವಿರ ಜನ ಇದ್ದಾರೆ ಅಂತ ಅರ್ಥ.

ಆ 35 ಸಾವಿರದ ಬಗ್ಗೆ ನನಗೆ ಸಿಟ್ಟಿಲ್ಲ. ಸಿಟ್ಟು ಬಂದಿದ್ದು ಸ್ಕೋರ್ ಕಾರ್ಡ್ ತೆರೆದು ಒಂದೊಂದೇ ವಿಭಾಗ ನೋಡಿದಾಗ. ಗಣಿತದಲ್ಲಿ 96 ಪರ್ಸೆಂಟೈಲ್. ಡೇಟಾ ಮತ್ತು ಲಾಜಿಕ್‌ನಲ್ಲಿ 87. ಇಂಗ್ಲಿಷ್ ಓದಿನ ವಿಭಾಗ, ಎಲ್ಲರೂ ವಾರ್ಕ್ ಅಂತಾರಲ್ಲ, ಅದರಲ್ಲಿ 58.

58! ಇದು ನನ್ನ ಎರಡನೇ ಸಲ. ಹೋದ ವರ್ಷವೂ ಇದೇ ವಿಭಾಗ ನನ್ನನ್ನು ಕೆಡವಿತ್ತು. ಎಂಬಿಎ ಕಲಿಸುವ ದೊಡ್ಡ ಸರ್ಕಾರಿ ಸಂಸ್ಥೆಗಳಾದ ಐಐಎಂಗಳು ಒಟ್ಟು ಪರ್ಸೆಂಟೈಲ್ ಒಂದನ್ನೇ ನೋಡುವುದಿಲ್ಲ, ಮೂರೂ ವಿಭಾಗಕ್ಕೆ ಬೇರೆ ಬೇರೆ ಕಟ್‌ಆಫ್ ಇಟ್ಟಿರುತ್ತಾರೆ. ಒಂದರಲ್ಲಿ ಬಿದ್ದರೆ ಉಳಿದ ಎರಡರಲ್ಲಿ ಎಷ್ಟು ತೆಗೆದರೂ ನಿಮ್ಮ ಹೆಸರು ಅಲ್ಲಿಗೇ ಮುಗಿಯಿತು.

ಒಂದು ವರ್ಷ ಬೆಳಗ್ಗೆ ಐದಕ್ಕೆ ಎದ್ದಿದ್ದೇನೆ. ಆರೂವರೆವರೆಗೆ ಓದು, ಆಮೇಲೆ ಪಿಜಿಯಲ್ಲಿ ಬಿಸಿನೀರಿಗೆ ಸಾಲು, ಎಂಟಕ್ಕೆ ಬಸ್ಸು, ಆಫೀಸು. ರಾತ್ರಿ ಮತ್ತೆ ಆನ್‌ಲೈನ್ ಕ್ಲಾಸು. ಭಾನುವಾರಗಳೆಲ್ಲ ಮಾಕ್ ಟೆಸ್ಟ್‌ಗೆ, ಅಂದರೆ ಅಭ್ಯಾಸಕ್ಕೆ ಬರೆಯುವ ಅಣಕು ಪರೀಕ್ಷೆಗೆ ಹೋದವು. ಅಣ್ಣನ ಮಗುವಿನ ನಾಮಕರಣಕ್ಕೂ ಹೋಗಲಿಲ್ಲ, ಅವತ್ತು ಮಾಕ್ ಇತ್ತು. ಅತ್ತಿಗೆ ಇವತ್ತಿಗೂ ಅದನ್ನು ಮರೆತಿಲ್ಲ.

ನವೆಂಬರ್ 24ರಂದು, ಪರೀಕ್ಷೆಯ ದಿನ, ನಡೆದದ್ದು ಇಷ್ಟು. ಕ್ಯಾಟ್‌ನಲ್ಲಿ ಮೊದಲು ಬರುವುದೇ ಈ ಇಂಗ್ಲಿಷ್ ವಿಭಾಗ. 40 ನಿಮಿಷ, 24 ಪ್ರಶ್ನೆ. ಅದರಲ್ಲಿ 16 ಪ್ರಶ್ನೆ ನಾಲ್ಕು ಪ್ಯಾಸೇಜ್‌ಗಳ ಮೇಲೆ. ಒಂದು ಪ್ರಶ್ನೆಗೆ 100 ಸೆಕೆಂಡ್ ಅನ್ನಿ, ಅದರೊಳಗೇ ಪ್ಯಾಸೇಜ್ ಓದುವ ಹೊತ್ತೂ ಸೇರಿದೆ. ಮೊದಲ ಪ್ಯಾಸೇಜನ್ನು ಮೂರು ಸಲ ಓದಿದೆ. ಪದಗಳೆಲ್ಲ ಗೊತ್ತು, ವಾಕ್ಯಗಳೂ ಅರ್ಥವಾದವು. ಆದರೆ ಬರೆದವನು ಒಪ್ಪುತ್ತಿದ್ದಾನೋ, ಹಂಗಿಸುತ್ತಿದ್ದಾನೋ ಅನ್ನೋದೇ ಕೈಗೆ ಸಿಗಲಿಲ್ಲ. ಪ್ರಶ್ನೆ ಕೇಳುವುದು ಅದನ್ನೇ. ನಾಲ್ಕು ಆಯ್ಕೆಗಳಲ್ಲಿ ಎರಡನ್ನು ಹೊಡೆದು ಹಾಕಬಹುದು. ಉಳಿದೆರಡು ಒಂದೇ ತರ ಕಾಣುತ್ತವೆ. ಅಲ್ಲಿ ಸಿಕ್ಕಿಹಾಕಿಕೊಂಡರೆ ಮುಗಿಯಿತು, ಗಡಿಯಾರ ಓಡುತ್ತಲೇ ಇರುತ್ತದೆ. ಉಳಿದ ವಿಭಾಗದಿಂದ ಹತ್ತು ನಿಮಿಷ ತರೋಣ ಅಂದರೆ ಅದಕ್ಕೂ ಅವಕಾಶವಿಲ್ಲ.

ಕೀ ಉತ್ತರ ಬಂದಾಗ ಲೆಕ್ಕ ಹಾಕಿದೆ. ಆಯ್ಕೆಗಳಿರುವ 16 ಪ್ರಶ್ನೆಗೆ ಉತ್ತರ ಕೊಟ್ಟಿದ್ದೆ, 7 ಸರಿ, 9 ತಪ್ಪು. ಇಂಥ ಪ್ರಶ್ನೆಯಲ್ಲಿ ಸರಿಗೆ ಮೂರು ಅಂಕ, ತಪ್ಪಿಗೆ ಒಂದು ಕಡಿತ. 21ರಲ್ಲಿ 9 ಹೋಗಿ 12. ಆ ಒಂಬತ್ತರಲ್ಲಿ ಆರು, ಕೊನೆಗೆ ಉಳಿದ ಎರಡು ಆಯ್ಕೆಗಳಲ್ಲಿ ತಪ್ಪಾದುದನ್ನು ಒತ್ತಿದ್ದು.

ಇದಕ್ಕೆ ಸಿಗುವ ಉಪದೇಶ ಕೇಳಿದರೆ ಮೈ ಉರಿಯುತ್ತದೆ. ‘ನಿನಗೆ ರೀಡಿಂಗ್ ಹ್ಯಾಬಿಟ್ ಇಲ್ಲ’ ಅಂತಾರೆ. ಕೋಚಿಂಗ್ ಸರ್ ಅಂದರು, ಜೊತೆಗೆ ಓದುವವರೂ ಅಂದರು. ಓದುವ ಅಭ್ಯಾಸ ನನಗೆ ಇಲ್ಲವಾ? ಹತ್ತನೇ ಕ್ಲಾಸ್ ಮುಗಿಯುವುದರೊಳಗೆ ನಮ್ಮೂರ ಲೈಬ್ರರಿಯ ಕಾದಂಬರಿಗಳನ್ನು ಕಪಾಟು ಕಪಾಟು ಓದಿ ಮುಗಿಸಿದವಳು ನಾನು. ಲೈಬ್ರರಿಯ ಅಣ್ಣ ‘ಹೊಸಾವು ಬಂದಿಲ್ಲವ್ವ, ಮುಂದಿನ ತಿಂಗಳು ಬಾ’ ಅಂತ ವಾಪಸ್ ಕಳಿಸುತ್ತಿದ್ದರು. ಕನ್ನಡದಲ್ಲಿ ನನಗೆ ಒಂದು ಪುಟ ಕೊಡಿ. ಬರೆದವರು ಯಾರ ಮೇಲೆ ಮುನಿಸಿಕೊಂಡಿದ್ದಾರೆ, ಯಾವ ಮಾತನ್ನು ನುಂಗಿಕೊಂಡಿದ್ದಾರೆ, ಎರಡನೇ ಸಾಲಿಗೇ ಹೇಳುತ್ತೇನೆ. ಅದು ಓದಲ್ವಾ? ಹದಿನೈದು ವರ್ಷದ ಆ ಓದಿಗೆ ಈ ಪರೀಕ್ಷೆಯಲ್ಲಿ ಸೊನ್ನೆ ಬೆಲೆ. ಬೆಲೆ ಇಲ್ಲದಿದ್ದರೂ ಹೋಗಲಿ, ಓದೇ ಇಲ್ಲದವಳು ಅನ್ನಿಸಿಕೊಳ್ಳಬೇಕಲ್ಲ, ಅದು ಸಹಿಸಲು ಆಗುವುದಿಲ್ಲ.

ಎಂಬಿಎ ಪಾಠ ಇಂಗ್ಲಿಷಿನಲ್ಲೇ ನಡೆಯುತ್ತದೆ, ಇಂಗ್ಲಿಷ್ ಬೇಕೇ ಬೇಕು. ಒಪ್ಪುತ್ತೇನೆ. ಆದರೆ ನಾನು ಮೂರು ವರ್ಷದಿಂದ ಅಕೌಂಟ್ಸ್ ವಿಭಾಗದಲ್ಲಿ ಇಂಗ್ಲಿಷಿನಲ್ಲೇ ದುಡಿಯುತ್ತಿದ್ದೇನೆ. ಜಿಎಸ್‌ಟಿ ನೋಟಿಸ್ ಬಂದರೆ ಓದಿ ಉತ್ತರ ತಯಾರು ಮಾಡುವವಳು ನಾನು. ಆಡಿಟರ್ ಕೇಳುವ ಪ್ರಶ್ನೆಗಳಿಗೆ ಮೇಲ್ ಬರೆಯುವವಳು ನಾನು. ಒಂದು ಮೇಲ್ ಕೂಡ ಅರ್ಥವಾಗಲಿಲ್ಲ ಅಂತ ವಾಪಸ್ ಬಂದಿಲ್ಲ. ಕೆಲಸಕ್ಕೆ ಬೇಕಾದ ಇಂಗ್ಲಿಷ್ ಪರೀಕ್ಷೆ ಮಾಡಿ, ಕೂತು ಬರೆಯುತ್ತೇನೆ. ಇವರು ಅಳೆಯುತ್ತಿರುವುದು ಮನೆಯಲ್ಲಿ ಚಿಕ್ಕಂದಿನಿಂದ ಇಂಗ್ಲಿಷ್ ಪುಸ್ತಕ, ಇಂಗ್ಲಿಷ್ ಮಾತು ಇತ್ತೋ ಇಲ್ಲವೋ ಅನ್ನೋದನ್ನು. ನನಗೆ ಇಂಗ್ಲಿಷ್ ಮೀಡಿಯಂ ಶುರುವಾಗಿದ್ದೇ ಪಿಯುಸಿಯಲ್ಲಿ. ದಾವಣಗೆರೆಯ ಕಾಲೇಜಿನಲ್ಲಿ ಮೊದಲ ಮೂರು ತಿಂಗಳು ಡೆಬಿಟ್ಟು ಕ್ರೆಡಿಟ್ಟನ್ನೂ ಕನ್ನಡದಲ್ಲಿ ಬರೆದುಕೊಂಡು ಕಲಿತಿದ್ದೇನೆ.

ನೀಟ್ ಬರೆಯುವ ಮಕ್ಕಳಿಗೆ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ. ಡಾಕ್ಟರ್ ಆಗುವವರಿಗೆ ಕನ್ನಡದಲ್ಲಿ ಕೇಳಬಹುದು, ಮ್ಯಾನೇಜರ್ ಆಗುವವರಿಗೆ ಕೇಳಬಾರದಾ? ಇಡೀ ಪರೀಕ್ಷೆ ಕನ್ನಡದಲ್ಲಿ ಕೊಡಿ ಅಂತ ನಾನು ಅನ್ನುತ್ತಿಲ್ಲ. ಕಡೇಪಕ್ಷ ಓದಿ ತಿಳಿಯುವ ಶಕ್ತಿಯನ್ನು ಅವರವರು ಓದಿ ಬೆಳೆದ ಭಾಷೆಯಲ್ಲಿ ನೋಡಿ. ಇಂಗ್ಲಿಷಿಗೆ ಬೇರೆಯಾಗಿ ಒಂದು ಪಾಸ್ ಮಾರ್ಕ್ ಇಡಿ. ಅಷ್ಟು ಕಷ್ಟದ ಕೆಲಸವಾ ಇದು?

ಇನ್ನು ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಕಾಲೇಜುಗಳೂ ಇವೆ. ಹದಿನೇಳು ವಯಸ್ಸಿನಲ್ಲಿ ಭಾಷೆ ಬದಲಾದ ವರ್ಷ ತೆಗೆದ ಅಂಕ ಇಪ್ಪತ್ತೈದಕ್ಕೂ ಬೆನ್ನು ಬಿಡುವುದಿಲ್ಲ. ಅದನ್ನು ಈಗ ಯಾವ ಮಾಕ್ ಬರೆದು ಸರಿ ಮಾಡಲಿ?

ಕೋಚಿಂಗ್‌ನವರು ನಿನ್ನೆಯೇ ಫೋನ್ ಮಾಡಿದ್ದರು. ಮುಂದಿನ ಬ್ಯಾಚ್‌ಗೆ ಹಳೆಯ ವಿದ್ಯಾರ್ಥಿಗಳಿಗೆ ರಿಯಾಯಿತಿ ಇದೆಯಂತೆ. ನನ್ನ ಎರಡು ತಿಂಗಳ ಸಂಬಳ ತಗೊಂಡು ದಿನಕ್ಕೊಂದು ಇಂಗ್ಲಿಷ್ ಲೇಖನ ಓದು ಅಂದವರು ಇವರೇ. ಓದಿದೆ. 300 ದಿನ, 300 ಲೇಖನ. ನೋಟ್‌ಬುಕ್ ಇಲ್ಲೇ ಇದೆ. ಮಾತಾಡದೆ ಫೋನ್ ಇಟ್ಟುಬಿಟ್ಟೆ.

ಪೇಡ ತಿಂದವರು ಈಗ ಅಂಗಡಿಗೆ ಬಂದು ‘ಯಾವ ಕಾಲೇಜ್ ಸಿಕ್ತು?’ ಅಂತ ಕೇಳುತ್ತಿದ್ದಾರಂತೆ. ಅಪ್ಪಾಜಿ ಇವತ್ತು ಅದನ್ನೇ ಕೇಳಿದರು. ‘ಇನ್ನೂ ಲಿಸ್ಟ್ ಬಿಟ್ಟಿಲ್ಲ ಅಪ್ಪಾಜಿ’ ಅಂದೆ. ಬಿಟ್ಟು ನಾಲ್ಕು ದಿನ ಆಯಿತು.