ಭೀಮರಾಜನ ಬಾಯಿ

ಭೀಮರಾಜ ಹಕ್ಕಿಗೆ ಸ್ವಂತ ದನಿ ಇಲ್ಲವೆಂದು ಯಾರೂ ಕನಿಕರಪಡಬೇಕಾಗಿಲ್ಲ. ಇಂಪಾದ ಸಿಳ್ಳೆಯಿದೆ, ಲೋಹದ ನಾದವಿದೆ, ಜಗಳಕ್ಕೆ ನಿಂತರೆ ಕಿವಿ ಮುಚ್ಚಿಕೊಳ್ಳುವಂಥ ಬೈಗುಳವೂ ಇದೆ. ಇಷ್ಟೆಲ್ಲ ಇಟ್ಟುಕೊಂಡೂ ಅದು ಕಂಡಕಂಡವರ ದನಿಯನ್ನು ಎತ್ತಿಕೊಂಡು ಬರುತ್ತದೆ. ಗಿಡುಗ, ಮರಕುಟಿಗ, ಹರಟೆಮಲ್ಲ, ಬೆಕ್ಕು, ಯಾರದಾದರೂ ಆದೀತು. ಪಶ್ಚಿಮ ಘಟ್ಟದ ಕಾಡಂಚಿನಲ್ಲಿರುವ ನನ್ನ ಅಕ್ಕನ ಮನೆಯ ಹಿಂದೆ ಇಂಥದೊಂದು ಬೀಡುಬಿಟ್ಟಿದೆ. ಆ ಮನೆಯಲ್ಲಿ ಈಗ ಯಾವ ಸದ್ದನ್ನೂ ಯಾರೂ ಒಂದೇ ಸಲಕ್ಕೆ ನಂಬುವುದಿಲ್ಲ.

ನೋಡಲು ಮಾತ್ರ ಸುಂದರಾಂಗ. ಮೈಯೆಲ್ಲ ಮಿರುಗುವ ಕಪ್ಪು, ಬಿಸಿಲು ಬಿದ್ದರೆ ಅದರಲ್ಲೇ ನೀಲಿಯ ಛಾಯೆ. ಕೊಕ್ಕಿನ ಬುಡದಿಂದ ಎದ್ದು ಹಿಂದಕ್ಕೆ ಬಾಗಿದ ಜುಟ್ಟು. ಬಾಲದ ಹೊರಅಂಚಿನ ಎರಡು ಗರಿಗಳು ಉದ್ದಕ್ಕೂ ಬೋಳು ತಂತಿಗಳಾಗಿ ಇಳಿದು, ತುದಿಯಲ್ಲಷ್ಟೇ ತಿರುಚಿಕೊಂಡು ಅಗಲವಾಗುತ್ತವೆ. ಕಾಡಿನ ಮಬ್ಬಿನಲ್ಲಿ ತಂತಿ ಕಣ್ಣಿಗೆ ಬೀಳುವುದಿಲ್ಲ; ಹಕ್ಕಿ ಹಾರಿದರೆ ಎರಡು ಕರಿ ದುಂಬಿಗಳು ಅದರ ಬೆನ್ನಟ್ಟಿದಂತೆ ಕಾಣುತ್ತದೆ. ಗರಿ ಉದುರುವ ಕಾಲದಲ್ಲಿ ಒಂದು ಕಳಚಿ ಬಿದ್ದು ಒಂಟಿ ದುಂಬಿ ಉಳಿಯುವುದೂ ಉಂಟು. ಆಗಲೂ ಜಂಬಕ್ಕೇನೂ ಕೊರತೆಯಿಲ್ಲ.

ಬೆಳಗಾಗಲಿ ಎಂದು ಕಾಯುವ ಸ್ವಭಾವವೂ ಇದರದ್ದಲ್ಲ. ಬೆಳದಿಂಗಳಿದ್ದರೆ ನಸುಕಿನ ನಾಲ್ಕಕ್ಕೇ ಕಛೇರಿ ಶುರು. ಅಂಥದೊಂದು ನಸುಕಿನಲ್ಲಿ ಹಿತ್ತಿಲ ಕಡೆಯಿಂದ ಬೆಕ್ಕಿನ ಕೂಗು ಕೇಳಿತು. ಅಕ್ಕನ ಅತ್ತೆ ಎದ್ದು, ‘ಪಾಪ, ಹೊರಗೇ ಉಳಿದುಬಿಟ್ಟಿದೆ’ ಎಂದು ಚಿಲಕ ತೆಗೆದು, ಟಾರ್ಚ್ ಬಿಟ್ಟು ಕರೆದರು. ಉತ್ತರ ಮರದ ಮೇಲಿನಿಂದ ಬಂತು. ಹತ್ತಿದ ಬೆಕ್ಕಿಗೆ ಇಳಿಯಲು ಬರುತ್ತಿಲ್ಲವೆಂದು ತೀರ್ಮಾನಿಸಿ ಭಾವನನ್ನು ಎಬ್ಬಿಸಿದರು. ಭಾವ ಪಂಚೆ ಎತ್ತಿ ಕಟ್ಟಿ, ಏಣಿ ಹೊತ್ತು ತಂದು, ಅರ್ಧ ಹತ್ತಿದ್ದರು. ಮನೆಯ ಬೆಕ್ಕು ಒಳಗಿನಿಂದ ನಿಧಾನವಾಗಿ ನಡೆದು ಬಂದು, ಹೊಸ್ತಿಲ ಮೇಲೆ ಕುಳಿತು, ಆಕಳಿಸಿ, ಇವರೆಲ್ಲ ಏನು ಮಾಡುತ್ತಿದ್ದಾರೆಂದು ನೋಡತೊಡಗಿತು. ಅಷ್ಟರಲ್ಲಿ ಮರ ಇನ್ನೊಮ್ಮೆ ಮಿಯಾಂವ್ ಎಂದಿತು. ಬೆಕ್ಕಿನ ರೋಮವೆಲ್ಲ ನಿಮಿರಿ ಬಾಲ ಎರಡರಷ್ಟಾಯಿತು. ಅಂದಿನಿಂದ ಅದು ಕಾಣದ ವೈರಿಯೊಬ್ಬನಿಗಾಗಿ ಆ ಮರದ ಬುಡದಲ್ಲಿ ಗಸ್ತು ತಿರುಗುತ್ತಿದೆ. ಇಲಿಗಳಿಗೆ ಇದರಿಂದ ತುಂಬ ಅನುಕೂಲವಾಗಿದೆ.

ತಿಳಿದವರ ಪಾಡೂ ಬೇರೆಯಲ್ಲ. ಪಕ್ಷಿವೀಕ್ಷಣೆಯ ಹವ್ಯಾಸವಿರುವ ನೆಂಟರೊಬ್ಬರು ಬಂದಿದ್ದರು. ಕೊರಳಲ್ಲಿ ಬೈನಾಕ್ಯುಲರ್, ಕೈಯಲ್ಲಿ ದನಿ ಕೇಳಿ ಹಕ್ಕಿಯ ಹೆಸರು ಹೇಳುವ ಆ್ಯಪ್ ಇರುವ ಮೊಬೈಲ್. ಅಂಗಳದಲ್ಲಿ ಅದನ್ನು ಎತ್ತಿ ಹಿಡಿದದ್ದೇ ತಡ, ಪರದೆಯ ಮೇಲೆ ಹೆಸರುಗಳು ಒಂದರ ಕೆಳಗೊಂದು ಏರತೊಡಗಿದವು. ‘ಒಂದೇ ಮರದಲ್ಲಿ ಇಷ್ಟೊಂದು ವೈವಿಧ್ಯ!’ ಎಂದು ಅವರಿಗೆ ರೋಮಾಂಚನ. ಕತ್ತು ನೋಯುವವರೆಗೆ ಹುಡುಕಿದರೂ ಕೊಂಬೆಯ ಮೇಲಿದ್ದದ್ದು ಒಂದೇ ಕರಿ ಹಕ್ಕಿ. ಅದು ತಲೆ ಓರೆ ಮಾಡಿ ಅವರನ್ನೇ ನೋಡುತ್ತಿತ್ತು.

ಪಾಪದ ಆ್ಯಪನ್ನು ಬೈದು ಫಲವಿಲ್ಲ. ಜೀವಿಗಳಿಗೆಲ್ಲ ಶಾಸ್ತ್ರೀಯ ನಾಮಕರಣ ಮಾಡಿದ ಲಿನೇಯಸ್ ಮಹಾಶಯರೇ 1766ರಲ್ಲಿ ಈ ಹಕ್ಕಿಯನ್ನು ಕೋಗಿಲೆಯ ಕುಲಕ್ಕೆ ಸೇರಿಸಿ ‘ಕುಕ್ಯುಲಸ್ ಪ್ಯಾರಡೀಸಿಯಸ್’ ಎಂದು ಹೆಸರಿಟ್ಟಿದ್ದರು. ಆಮೇಲೆ ಬಂದವರು ಅದನ್ನು ಕಾಜಾಣಗಳ ‘ಡೈಕ್ರೂರಸ್’ ಕುಲಕ್ಕೆ ವರ್ಗಾಯಿಸಿದರು.

ಈ ಬಾಯಿಚಾಳಿ ಬರಿಯ ಚೇಷ್ಟೆಯೆಂದು ನಾನು ಬಹಳ ಕಾಲ ತಿಳಿದಿದ್ದೆ. ಚೇಷ್ಟೆಯಲ್ಲ, ಕಸುಬು. ಶ್ರೀಲಂಕಾದ ಸಿಂಹರಾಜ ಮಳೆಕಾಡಿನಲ್ಲಿ ಎಬೆನ್ ಗುಡೇಲ್ ಮತ್ತು ಶರತ್ ಕೋಟಗಮ ಇದರ ಬೆನ್ನು ಬಿದ್ದು 2006ರಲ್ಲಿ ಪ್ರಕಟಿಸಿದ ಪ್ರಕಾರ, ಭೀಮರಾಜ ಸಮಯ ಸಂದರ್ಭ ನೋಡಿಯೇ ಅನುಕರಿಸುತ್ತದೆ. ಅಪಾಯ ಕಂಡಾಗ ಶತ್ರುಗಳ ದನಿ, ಬೇರೆ ಹಕ್ಕಿಗಳ ಗಾಬರಿಯ ಕೂಗು. ನಿರಾಳವಾಗಿದ್ದಾಗ ಆ ಹಕ್ಕಿಗಳ ಹಾಡು. ಹಾಡು ಕೇಳಿ ಹಕ್ಕಿಗಳು ಹತ್ತಿರ ಬಂದು ಗುಂಪುಗೂಡುತ್ತವೆ. ಗುಂಪು ಎಲೆ ಕೆದಕುತ್ತ ಮುಂದೆ ಸಾಗುವಾಗ ಹಾರಿದ ಹುಳುಗಳನ್ನು ಭೀಮರಾಜ ಗಾಳಿಯಲ್ಲೇ ಹಿಡಿದು ನುಂಗುತ್ತದೆ. ಕೆದಕುವ ಕೆಲಸ ಅವರದು, ಊಟ ಇದರದು.

ಆಫ್ರಿಕಾದ ಕಲಹಾರಿಯಲ್ಲಿರುವ ಇದರ ದಾಯಾದಿ, ಕವಲುಬಾಲದ ಕಾಜಾಣ, ಇನ್ನೂ ಒಂದು ಹೆಜ್ಜೆ ಮುಂದೆ. ಮುಂಗುಸಿಯ ಬಳಗದ ಮೀರ್‌ಕ್ಯಾಟ್ ಏನಾದರೂ ಹಿಡಿದ ತಕ್ಷಣ ಈ ಕಾಜಾಣ ಅಪಾಯದ ಕೂಗು ಹಾಕುತ್ತದೆ. ಅದು ತುತ್ತು ಬಿಟ್ಟು ಬಿಲಕ್ಕೆ ಓಡಿದರೆ ಇದು ಇಳಿದು ಎತ್ತಿಕೊಳ್ಳುತ್ತದೆ. ಅದೇ ಸುಳ್ಳನ್ನು ಮತ್ತೆ ನಂಬದಿದ್ದರೆ ಬೇರೊಬ್ಬರ ದನಿಯಲ್ಲಿ ಹೊಸ ಸುಳ್ಳು. ದಿನದ ಆಹಾರದಲ್ಲಿ ಶೇಕಡಾ 23ರಷ್ಟು ಹೀಗೆ ಕದ್ದದ್ದೇ ಎಂದು ಟಾಮ್ ಫ್ಲವರ್ ಮತ್ತು ಸಂಗಡಿಗರು 2014ರಲ್ಲಿ ಲೆಕ್ಕ ಕೊಟ್ಟಿದ್ದಾರೆ. ಇಷ್ಟಾದರೂ ಯಾರೂ ಇವನ್ನು ಗುಂಪಿನಿಂದ ಹೊರಗೆ ಹಾಕುವುದಿಲ್ಲ, ಏಕೆಂದರೆ ನಡುನಡುವೆ ನಿಜವನ್ನೂ ಹೇಳುತ್ತವೆ. ಗಿಡುಗ ನಿಜವಾಗಿಯೂ ಬಂದಾಗ ಮೊದಲು ಕೂಗುವುದು, ತನಗಿಂತ ದೊಡ್ಡದೆಂದೂ ನೋಡದೆ ಅಟ್ಟಿಸಿಕೊಂಡು ಹೋಗುವುದು ಇವೇ. ಸುಳ್ಳೆಂದು ಕುಳಿತ ದಿನವೇ ನಿಜವಾಗಿದ್ದರೆ ಹೋಗುವುದು ಪ್ರಾಣ. ಅದಕ್ಕಿಂತ ಪ್ರತಿ ಸಲವೂ ಓಡಿ ಮೂರ್ಖರಾಗುವುದೇ ಲಾಭ. ಅಕ್ಕನ ಮನೆಯ ಹೇಂಟೆ ಈ ಗಣಿತವನ್ನು ಅರಿತಂತಿದೆ. ಗಿಡುಗದ ದನಿ ಕೇಳಿದರೆ ಅಸಲಿಯೋ ನಕಲಿಯೋ ವಿಚಾರಿಸದೆ ಮರಿಗಳ ಸಮೇತ ಬುಟ್ಟಿಯ ಕೆಳಗೆ.

ನಾಯಿಯದು ಬೇರೆ ಕತೆ. ಕರಿಯನನ್ನು ತೋಟದಿಂದ ಮನೆಗೆ ಕರೆಯಲು ಭಾವನದೊಂದು ಸಿಳ್ಳೆಯಿತ್ತು: ಎರಡು ಗಿಡ್ಡ, ಒಂದು ಉದ್ದ. ಭೀಮರಾಜ ಅದನ್ನು ಕಲಿತದ್ದು ಯಾವಾಗಲೋ ಗೊತ್ತಿಲ್ಲ. ಒಂದು ಮಧ್ಯಾಹ್ನ ಕರಿಯ ಏದುಸಿರು ಬಿಡುತ್ತ ದಿಬ್ಬ ಹತ್ತಿ ಅಂಗಳಕ್ಕೆ ಬಂದ. ಭಾವ ಜಗಲಿಯಲ್ಲಿ ಗೊರಕೆ ಹೊಡೆಯುತ್ತಿದ್ದರು. ಮರಳಿ ಇಳಿದ, ಮತ್ತೆ ಸಿಳ್ಳೆ, ಮತ್ತೆ ಏರಿದ. ಕೊನೆಗೆ ದಿಬ್ಬದ ನಡುವೆ ಕುಳಿತು ಒಂದು ಕಿವಿಯನ್ನು ಮನೆಯ ಕಡೆಗೂ ಇನ್ನೊಂದನ್ನು ಮರದ ಕಡೆಗೂ ತಿರುಗಿಸಿಕೊಂಡ. ಕೋಳಿಯ ತರ್ಕ ಅವನಿಗೆ ಒಪ್ಪಿಗೆಯಾಗಲಿಲ್ಲ. ಸಿಳ್ಳೆಯನ್ನೇ ನಂಬುವುದು ಬಿಟ್ಟ. ಅಸಲಿ ಭಾವನೇ ಕೆನ್ನೆ ಉಬ್ಬಿಸಿ ಊದಿದರೂ ಬಾಲದ ತುದಿಯಷ್ಟೇ ಅಲುಗಿತು.

ಭಾವ ಸಿಳ್ಳೆ ಬದಲಾಯಿಸಿ ನೋಡಿದರು. ಮೇಲಿನ ವಿದ್ಯಾರ್ಥಿ ಹೊಸ ಪಾಠವನ್ನೂ ಒಪ್ಪಿಸಿದ. ಈಗ ಸದ್ದಿನ ಸಹವಾಸವೇ ಬೇಡವೆಂದು ಅಂಗಳದ ತುದಿಯಲ್ಲಿ ನಿಂತು ಕೆಂಪು ಟವೆಲ್ ಬೀಸುತ್ತಾರೆ. ನಾಯಿ ಬರುತ್ತದೆ. ಕೆಳಗಿನ ರಸ್ತೆಯಲ್ಲಿ ಹೋಗುವವರೂ ಏನೋ ಅನಾಹುತವಾಗಿದೆಯೆಂದು ದಿಬ್ಬ ಹತ್ತಿ ಬರುತ್ತಾರೆ. ಬಂದವರನ್ನು ಕೂರಿಸಿ ಹಕ್ಕಿಯ ಕತೆಯನ್ನು ಮೊದಲಿನಿಂದ ಹೇಳುವುದು ಅಕ್ಕನ ಪಾಲಿಗೆ ಬಂದಿದೆ. ಆಗ ಮಾತ್ರ ಆ ಹಕ್ಕಿ ತುಟಿಪಿಟಕ್ಕೆನ್ನುವುದಿಲ್ಲ.