ಭೂಪಟ ಬಿಡಿ ಮಾವ, ಸುರಂಗ ನೋಡಿ

ಬದಿಯಡ್ಕಕ್ಕೆ ಹೋದಾಗಲೆಲ್ಲ ಮಾವ ಕೇಳುವುದು ಒಂದೇ ಪ್ರಶ್ನೆ. "ಉಕ್ರೇನಿನಲ್ಲಿ ಈಗ ಯಾರು ಮುಂದೆ ಮಾರಾಯ?" ಟಿವಿಯಲ್ಲಿ ಕೆಂಪು, ನೀಲಿ ಬಳಿದ ಭೂಪಟ. ಕೆಂಪು ಎರಡು ಕಿಲೋಮೀಟರ್ ಸರಿದರೆ ಅವರಿಗೆ ದೊಡ್ಡ ಸುದ್ದಿ.

ಈ ಸಲ ನಾನೇ ಕೇಳಿದೆ. "ಪಗ್ಗು ತಿಂಗಳಿಗೆ (ಏಪ್ರಿಲ್-ಮೇ) ತೋಟದ ನೀರು ಸಾಕೋ ಇಲ್ಲವೋ ಅಂತ ನೀವು ಹೇಗೆ ಹೇಳುತ್ತೀರಿ ಮಾವ?"

"ಕೆರೆ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಸುರಂಗದ ಬಾಯಿಗೆ ಹೋಗಿ ನೋಡಬೇಕು."

ಕಾಸರಗೋಡಿನ ಸುರಂಗ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದ ದಾರಿ ಅದು. ಒಳಗೆ ಜಿನುಗಿದ ನೀರು ಹರಿದು ಬಂದು ಕೆರೆಗೆ ಬೀಳುತ್ತದೆ. ಇವತ್ತು ಕೆರೆ ತುಂಬಿರಬಹುದು. ಪಂಪು ಎಳೆಯುವಷ್ಟು ನೀರು ಸುರಂಗ ಕೊಡದಿದ್ದರೆ ಮೇ ಕೊನೆಗೆ ಬರುವ ಪತ್ತನಾಜೆಗೆ ಮೊದಲೇ ಅಡಕೆ ಮರದ ಸೋಗೆ ಬಾಡುತ್ತದೆ.

ಸವೆತದ ಯುದ್ಧವೂ ಹೀಗೇ. ಎದುರಾಳಿಯ ಊರು ಹಿಡಿಯುವುದು ಮುಖ್ಯ ಅಲ್ಲ. ಅವನ ಜನ, ಗುಂಡು, ಬಂದೂಕು ಎಲ್ಲ ಅವನು ಮತ್ತೆ ತುಂಬಿಕೊಳ್ಳುವುದಕ್ಕಿಂತ ಬೇಗ ಖಾಲಿಯಾಗಬೇಕು, ಅಷ್ಟೇ. ಮೊದಲ ಮಹಾಯುದ್ಧದಲ್ಲಿ, 1916ರಲ್ಲಿ, ಫ್ರಾನ್ಸಿನ ವರ್ಡನ್‌ನಲ್ಲಿ 10 ತಿಂಗಳು ಹೊಡೆದಾಡಿ ಫ್ರಾನ್ಸ್, ಜರ್ಮನಿ ಎರಡೂ ಕಡೆ ಸೇರಿ ಸುಮಾರು 3 ಲಕ್ಷ ಜನ ಸತ್ತರು. ಯುದ್ಧದ ಗೆರೆ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ನಮ್ಮ ತಾಳಮದ್ದಳೆಯ ಭೀಷ್ಮ ದಿನಕ್ಕೆ ಹತ್ತು ಸಾವಿರ ಅಂತ ಲೆಕ್ಕ ಇಟ್ಟದ್ದೂ ಇಂಥದ್ದೇ ಅಲ್ವಾ?

ಉಕ್ರೇನಿನ ಬಖ್ಮುತ್ ನೋಡಿ. ಯುದ್ಧಕ್ಕೆ ಮೊದಲು ಸುಮಾರು 70 ಸಾವಿರ ಜನ ಇದ್ದ ಊರು. ಅದನ್ನು ಹಿಡಿಯಲು ರಷ್ಯಾಕ್ಕೆ 2023ರ ಮೇ ತನಕ, ಹತ್ತಿರ ಹತ್ತಿರ 10 ತಿಂಗಳು ಬೇಕಾಯಿತು. ತನ್ನವರೇ ಸುಮಾರು 20 ಸಾವಿರ ಮಂದಿ ಅಲ್ಲಿ ಸತ್ತರು ಅಂತ ರಷ್ಯಾದ ಬಾಡಿಗೆ ಸೈನ್ಯ ವಾಗ್ನರ್ ಪಡೆಯ ಮುಖ್ಯಸ್ಥ ಪ್ರಿಗೋಜಿನ್ ಹೇಳಿದ. ಅದರಲ್ಲಿ ಅರ್ಧದಷ್ಟು ಜನ ಜೈಲಿನಿಂದ ಬಂದ ಕೈದಿಗಳು. ಭೂಪಟದಲ್ಲಿ ಅದು ಒಂದು ಚುಕ್ಕೆ. ಸಿಕ್ಕಿದ್ದೂ ಇಟ್ಟಿಗೆ ರಾಶಿ.

ಅದೇ ಬೇಸಿಗೆಯಲ್ಲಿ ಉಕ್ರೇನಿನ ಪ್ರತಿದಾಳಿ ಶುರುವಾದಾಗ ನಾನೂ ಭೂಪಟದ ಬಾಣಗಳನ್ನು ನಂಬಿದವನೇ. ಟ್ಯಾಂಕುಗಳು ಸಮುದ್ರದ ತನಕ ನುಗ್ಗುತ್ತವೆ ಅಂತ ಇಲ್ಲೇ ಒಂದು ಉದ್ದ ಬರಹ ಹಾಕಿದ್ದೆ. (ಹುಡುಕಬೇಡಿ, ಅಳಿಸಿದ್ದೇನೆ.) ದಕ್ಷಿಣ ಉಕ್ರೇನಿನ ಝಪೋರಿಝಿಯಾದ ನೆಲಬಾಂಬುಗಳಲ್ಲಿ ಆ ದಾಳಿ ಸಿಕ್ಕಿಹಾಕಿಕೊಂಡಿತು. ಮೇಲೆ ಡ್ರೋನು. ಕೆಳಗೆ ಏನು ಅಲುಗಾಡಿದರೂ ಕಾಣುತ್ತದೆ. ಕಂಡರೆ ಹೊಡೆತ ಬೀಳುತ್ತದೆ. ಹಾಗಾಗಿ ಟ್ಯಾಂಕುಗಳನ್ನು ಒಟ್ಟು ಮಾಡಿ ನುಗ್ಗುವುದೇ ಕಷ್ಟ. ಮೊದಲ ಮಹಾಯುದ್ಧದ ಹಾಗೆ ಎರಡೂ ಕಡೆ ಸಿಕ್ಕಿಬಿದ್ದಿದ್ದೇವೆ ಅಂತ ಆ ನವೆಂಬರಿನಲ್ಲಿ ಉಕ್ರೇನಿನ ಸೇನಾಪತಿ ಜಲೂಝ್ನಿಯೇ ಒಪ್ಪಿಕೊಂಡರು.

ಅದಕ್ಕೇ ನಾನು ಈಗ ಬಾಣ ನೋಡುವುದಿಲ್ಲ, ಕಾರ್ಖಾನೆ ನೋಡುತ್ತೇನೆ. ಯುದ್ಧಕ್ಕೆ ಮೊದಲು ಇಡೀ ಅಮೆರಿಕ ತಿಂಗಳಿಗೆ ತಯಾರಿಸುತ್ತಿದ್ದ 155 ಮಿಲಿಮೀಟರ್ ಫಿರಂಗಿ ಗುಂಡು ಸುಮಾರು 14 ಸಾವಿರ. ದೊಡ್ಡ ಯುದ್ಧಕ್ಕೆ ಅದು ಕೆಲವೇ ದಿನದ ಊಟ. 2024ರ ಮಾರ್ಚ್ ಒಳಗೆ 10 ಲಕ್ಷ ಗುಂಡು ಕೊಡುತ್ತೇವೆ ಅಂದ ಯುರೋಪ್ ಒಕ್ಕೂಟಕ್ಕೆ ಮಾತು ಉಳಿಸಿಕೊಳ್ಳಲು ಆಗಲಿಲ್ಲ. ರಷ್ಯಾ ಉತ್ತರ ಕೊರಿಯಾದಿಂದ ತರಿಸಿತು. ಮೊದಲು ಗುಂಡು, ಆಮೇಲೆ ಸೈನಿಕರು.

ಗುಂಡಾದರೆ ಕಾರ್ಖಾನೆಯಲ್ಲಿ ಆಗುತ್ತದೆ. ಜನ? 2024ರ ಏಪ್ರಿಲಿನಲ್ಲಿ ಉಕ್ರೇನ್ ಸೇನೆಗೆ ಕರೆಯುವ ವಯಸ್ಸನ್ನು 27ರಿಂದ 25ಕ್ಕೆ ಇಳಿಸಿತು. ರಷ್ಯಾ ದುಡ್ಡು ಸುರಿದು ಹೊರಗಿನವರನ್ನೂ ಸೇರಿಸಿಕೊಂಡಿತು. ಆ ಸುರಂಗ ನಮ್ಮ ಗುಡ್ಡದ ತನಕ ಬಂದಿದೆ. ಕೇರಳದಿಂದ ಹೋದವರಿದ್ದಾರೆ, ಕಲಬುರಗಿಯಿಂದ ಹೋದವರೂ ಇದ್ದಾರೆ. ಸೆಕ್ಯೂರಿಟಿ ಕೆಲಸ, ಹೆಲ್ಪರ್ ಕೆಲಸ ಅಂತ ನಂಬಿಸಿ ಕಳಿಸಿದ್ದು. ರಷ್ಯಾ ಸೇನೆ ಸೇರಿದ 126 ಭಾರತೀಯರಲ್ಲಿ 12 ಮಂದಿ ಸತ್ತಿದ್ದಾರೆ, 16 ಮಂದಿಯ ಸುಳಿವಿಲ್ಲ ಅಂತ 2025ರ ಜನವರಿಯಲ್ಲಿ ವಿದೇಶಾಂಗ ಸಚಿವಾಲಯವೇ ಹೇಳಿತು.

ಇದನ್ನು ಹೇಳುವಾಗ ಮಾವ ಟಿವಿ ಶಬ್ದ ಕಡಿಮೆ ಮಾಡಿದರು. ಅವರ ಮೊಮ್ಮಗ ಐಟಿಐ ಮುಗಿಸಿ ಮನೆಯಲ್ಲಿದ್ದಾನೆ. ಗಲ್ಫ್ ವೀಸಾ ಕಾಯುತ್ತಿದ್ದಾನೆ. ಹೋದ ತಿಂಗಳು ಅವನ ವಾಟ್ಸಾಪಿಗೂ ಹೊರದೇಶದ ಕೆಲಸದ ಸಂದೇಶ ಬಂದಿತ್ತಂತೆ. ಯಾವ ದೇಶ ಅಂತ ಅದರಲ್ಲಿ ಇರಲಿಲ್ಲ.

"ಅವನ ಪಾಸ್‌ಪೋರ್ಟ್ ಎಲ್ಲಿದೆ ನೋಡು" ಅಂತ ಅತ್ತೆಗೆ ಕೂಗಿ ಹೇಳಿ, ಮಾವ ಪಂಪು ನಿಲ್ಲಿಸಲು ತೋಟಕ್ಕೆ ಇಳಿದರು.