ಮೀನಿನ ನಾಡಿ ಹಿಡಿದವರು

ಕಕ್ಕಡ ಮಾಸದ ಮಳೆ ಹಿಡಿದರೆ ಕೊಡಗಿನ ತೋಟದ ಮನೆಗಳಲ್ಲಿ ಇದ್ದವರಿಗೂ ಬಂದವರಿಗೂ ಹೆಚ್ಚು ಕೆಲಸವಿರುವುದಿಲ್ಲ. ಹಾಗಾಗಿ ಕೊಡೆ ಮಡಚಿ ಒಳಗೆ ಬಂದ ಪ್ರತಿಯೊಬ್ಬರೂ ಕಾಫಿ ಲೋಟ ಹಿಡಿದು ನಮ್ಮ ಹಜಾರದ ಅಕ್ವೇರಿಯಂ ಮುಂದೆ ಕುಳಿತು ವೈದ್ಯರಾಗಿಬಿಡುತ್ತಾರೆ. ರೋಗಿಯಾಗಲು ಕ್ಯಾಟ್‌ಫಿಶ್‌ಗಿಂತ ಯೋಗ್ಯ ಪ್ರಾಣಿ ಸಿಗಲಾರದು. ಅದು ಎದುರು ಮಾತಾಡುವುದಿಲ್ಲ; ಮೇಲಾಗಿ, ಅದು ಆರೋಗ್ಯವಾಗಿರುವಾಗ ಮಾಡುವ ಕೆಲಸಗಳಲ್ಲಿ ಅರ್ಧದಷ್ಟು ನೋಡುವವರ ಕಣ್ಣಿಗೆ ಕಾಯಿಲೆಯಾಗಿಯೇ ಕಾಣುತ್ತವೆ.

ಕೊರಿಡೋರಾಸ್ ಎಂಬ ಪುಟ್ಟ ಮೀಸೆಯ ಮೀನು ದಿನದ ಬಹುಭಾಗ ಮರಳಿನ ಮೇಲೆ ಹೊಟ್ಟೆಯೂರಿಕೊಂಡೇ ಇರುತ್ತದೆ. ಅದರ ಗಾಳಿಚೀಲ ಚಿಕ್ಕದು, ಅದೂ ಮೂಳೆಯ ಕವಚದೊಳಗೆ ಅಡಗಿರುವುದು. ಆದ್ದರಿಂದ ನೀರಿನ ನಡುವೆ ತೇಲುತ್ತ ನಿಲ್ಲುವ ಹಂಬಲ ಅದಕ್ಕಿಲ್ಲ. ನಡುನಡುವೆ ಥಟ್ಟನೆ ಮೇಲೇರಿ, ಒಂದು ಗುಟುಕು ಗಾಳಿ ನುಂಗಿ, ಅಷ್ಟೇ ವೇಗದಲ್ಲಿ ಕೆಳಗಿಳಿಯುತ್ತದೆ. ನುಂಗಿದ ಗಾಳಿಯಿಂದ ಆಮ್ಲಜನಕವನ್ನು ಕರುಳಿನಲ್ಲೇ ಹೀರಿಕೊಳ್ಳುವ ವಿದ್ಯೆ ಅದಕ್ಕೆ ಗೊತ್ತು. ಬಂದವರು ಮಾತ್ರ, ಮಲಗಿದ್ದಾಗ ನಿಶ್ಶಕ್ತಿ ಎಂದೂ ಮೇಲೇರಿದಾಗ ಉಬ್ಬಸ ಎಂದೂ ತೀರ್ಪು ಕೊಡುತ್ತಾರೆ.

ಇದಕ್ಕಿಂತ ದೊಡ್ಡ ಪೇಚಿಗೆ ಸಿಕ್ಕಿಸಿದ್ದು ಕಾಂಗೋ ನದಿಯ ಕಡೆಯ ಇನ್ನೊಂದು ಕ್ಯಾಟ್‌ಫಿಶ್. ಅದು ಬೆಳೆದ ಮೇಲೆ ಬೆನ್ನನ್ನು ಕೆಳಗೆ ಮಾಡಿಕೊಂಡು ಈಜುವ ಜಾತಿಯದು. ಎಲೆಗಳ ಅಡಿಭಾಗವನ್ನೂ ನೀರಿನ ಮೇಲ್ಮೈಯನ್ನೂ ಮೇಯುವುದಕ್ಕೆ ಅದೇ ಅನುಕೂಲ, ಹೊಟ್ಟೆಯ ಬಣ್ಣವೂ ಬೆನ್ನಿಗಿಂತ ಕಪ್ಪು. ನಮ್ಮ ಅತ್ತೆಯವರಿಗೆ ಈ ವಿವರಣೆ ಒಪ್ಪಿಗೆಯಾಗಲಿಲ್ಲ. “ಪಾಪ, ಜೀವ ಹೋಗುತ್ತಿರುವುದನ್ನು ನೋಡಿಕೊಂಡು ಕೂತಿದ್ದೀರಲ್ಲ” ಎಂದು ಅವರು ಸಾರಿನ ಸೌಟು ತಂದು ಅದನ್ನು ನಯವಾಗಿ ಮಗುಚಿ ಹಾಕಿದರು. ಮೀನು ಅವರ ಮುಖ ನೋಡಿತು, ಮತ್ತೆ ತಲೆಕೆಳಗಾಯಿತು. ಈ ಉಪಚಾರ ಸೌಟು ಸಾರಿಗೆ ಬೇಕಾಗುವವರೆಗೂ ನಡೆಯಿತು.

ನಿಜವಾದ ಕಾಯಿಲೆ ಬಂದಾಗ ಯಾರಿಗೂ ಅನುಮಾನ ಉಳಿಯಲಿಲ್ಲ. ಗಾಳಿಮಳೆಗೆ ಸಿಲ್ವರ್ ಮರವೊಂದು ತಂತಿಯ ಮೇಲೆ ಬಿದ್ದು ದಿನಗಟ್ಟಲೆ ಕರೆಂಟು ಇರಲಿಲ್ಲ. ಅದು ಬಂದು ಸ್ವಲ್ಪ ಕಾಲವಾದ ಮೇಲೆ ಕೊರಿಡೋರಾಸ್‌ಗಳೆಲ್ಲ ಒಟ್ಟಿಗೇ ಒಂದು ಮಗ್ಗುಲಿಗೆ ವಾಲಿ, ಕಿವಿರನ್ನು ಪಟಪಟನೆ ಬಡಿಯತೊಡಗಿದವು. ಮೈಸೂರಿನಲ್ಲಿ ಓದುವ ಅಕ್ಕನ ಮಗ ಫೋನಿನಲ್ಲೇ ಗಾಳಿಚೀಲದ ರೋಗವೆಂದು ಘೋಷಿಸಿ, ಬಟಾಣಿ ಬೇಯಿಸಿ ಸಿಪ್ಪೆ ಸುಲಿದು ತಿನ್ನಿಸಲು ಹೇಳಿದ. ಅದು ಮಲಬದ್ಧತೆಯಿಂದ ಹೊಟ್ಟೆಯುಬ್ಬಿ ತೇಲುವ ಗೋಲ್ಡ್‌ಫಿಶ್‌ಗೆ ಹೇಳುವ ಮದ್ದು. ನಮ್ಮವು ಉಬ್ಬಿರಲೂ ಇಲ್ಲ, ತೇಲುತ್ತಲೂ ಇರಲಿಲ್ಲ. ಬಟಾಣಿ ಸಾಗುವಿಗೆ ಹೋಯಿತು. ಅತ್ತೆಯವರು, ಕಕ್ಕಡ 18ರಂದು ಮದ್ದು ಸೊಪ್ಪಿನ ಪಾಯಸ ನಮಗೆ ಒಳ್ಳೆಯದಾದರೆ ಮೀನಿಗೇಕೆ ಆಗದು ಎಂದು ಕೇಳಿದರು. ಪಕ್ಕದ ತೋಟದಲ್ಲಿ ಲೆಕ್ಕ ಬರೆಯುವ ರೈಟರು ಮಾತ್ರ ಒಂದೇ ಶಬ್ದದಲ್ಲಿ ಮುಗಿಸಿದರು: “ಉಪ್ಪು.” ಜಿಗಣೆಗೆಂದು ಮಳೆಗಾಲವಿಡೀ ಜೇಬಿನಲ್ಲಿ ಉಪ್ಪಿನ ಪೊಟ್ಟಣ ಇಟ್ಟುಕೊಳ್ಳುವ ಅವರಿಗೆ ಲೋಕದ ಸಕಲ ಸಂಕಟಕ್ಕೂ ಅದೇ ಔಷಧ.

ಒಂದೇ ಮೀನು ವಾಲಿದರೆ ಮೀನನ್ನು ನೋಡಬೇಕು, ಎಲ್ಲವೂ ಒಟ್ಟಿಗೆ ವಾಲಿದರೆ ನೀರನ್ನು ನೋಡಬೇಕು ಎಂಬುದು ನನ್ನ ಪಂಥ. ಪರೀಕ್ಷೆಯ ಗಾಜಿನ ನಳಿಗೆಗೆ ತೊಟ್ಟಿಯ ನೀರು ತುಂಬಿ, ನೈಟ್ರೈಟ್ ಪತ್ತೆಹಚ್ಚುವ ಹನಿಗಳನ್ನು ಬಿಟ್ಟು, ಬಿಳಿ ಕಾಗದಕ್ಕೆ ಹಿಡಿದು ನೋಡಿದಾಗ, ತಿಳಿನೀಲಿಯಾಗಿಯೇ ಉಳಿಯಬೇಕಿದ್ದ ನೀರು ಅತ್ತೆಯವರ ಮದ್ದು ಪಾಯಸದಂತೆ ಗಾಢ ನೇರಳೆಗೆ ತಿರುಗಿತು. ಕರೆಂಟಿಲ್ಲದೆ ಫಿಲ್ಟರ್ ನಿಂತಾಗ, ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯವನ್ನು ನೈಟ್ರೈಟ್ ಆಗಿಯೂ, ಅದನ್ನು ಅಷ್ಟಾಗಿ ಉಪದ್ರವ ಕೊಡದ ನೈಟ್ರೇಟ್ ಆಗಿಯೂ ಬದಲಿಸುವ ಬ್ಯಾಕ್ಟೀರಿಯಾಗಳು ಆಮ್ಲಜನಕವಿಲ್ಲದೆ ಸಾಯುತ್ತವೆ. ಎರಡನೆಯ ಗುಂಪು ಚೇತರಿಸಿಕೊಳ್ಳುವುದು ನಿಧಾನವಾದ್ದರಿಂದ ನೈಟ್ರೈಟ್ ಶೇಖರವಾಗುತ್ತದೆ. ಅದು ರಕ್ತಕ್ಕೆ ಸೇರಿದರೆ ರಕ್ತ ಕಂದಾಗಿ ಆಮ್ಲಜನಕ ಹೊರುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಮೀನು ಈಜು ಮರೆತದ್ದಲ್ಲ, ಉಸಿರು ಸಾಲದೆ ಮಲಗಿದ್ದು.

ಇದಕ್ಕೆ ತತ್‌ಕ್ಷಣದ ಪರಿಹಾರವೇನು? ಮೂರರಲ್ಲೊಂದು ಭಾಗ ನೀರನ್ನು ತೊಟ್ಟಿಯಷ್ಟೇ ಬೆಚ್ಚಗಿನ ಬಾವಿ ನೀರಿನಿಂದ ಬದಲಿಸುವುದು, ಗಾಳಿ ಪಂಪು ಓಡಿಸುವುದು, ಆಹಾರ ನಿಲ್ಲಿಸುವುದು. ಮತ್ತು, ಹೇಳಲು ನನಗೆ ಸಂತೋಷವಿಲ್ಲ, ಉಪ್ಪು. ಉಪ್ಪಿನಲ್ಲಿರುವ ಕ್ಲೋರೈಡ್, ಕಿವಿರಿನ ಮೂಲಕ ನೈಟ್ರೈಟ್ ಒಳನುಗ್ಗದಂತೆ ತಡೆಯುತ್ತದೆ. ಕ್ಯಾಟ್‌ಫಿಶ್‌ಗೆ ಉಪ್ಪು ಅಷ್ಟಾಗಿ ಒಗ್ಗದಿದ್ದರೂ, ಹತ್ತು ಲೀಟರಿಗೆ 1ರಿಂದ 2 ಗ್ರಾಂ ಕರಗಿಸಿ ಹಾಕಿದರೆ ಈ ಕೆಲಸಕ್ಕೆ ಸಾಕು. ರೈಟರ ತರ್ಕ ಶುದ್ಧ ತಪ್ಪು, ಬರೆದುಕೊಟ್ಟ ಚೀಟಿ ಶುದ್ಧ ಸರಿ.

ಕೆಲವೇ ದಿನಗಳಲ್ಲಿ ಮೀನುಗಳು ನೆಟ್ಟಗಾಗಿ ಮರಳು ಕೆದಕತೊಡಗಿದವು. ರೈಟರು ಈಗ ಬಂದಾಗಲೆಲ್ಲ ಕುರ್ಚಿಯನ್ನು ಗಾಜಿಗೆ ತೀರ ಹತ್ತಿರ ಎಳೆದುಕೊಳ್ಳುತ್ತಾರೆ. ಮೊನ್ನೆ ಕಾಂಗೋದ ಮೀನನ್ನು ಬಹಳ ಹೊತ್ತು ಪರಿಶೀಲಿಸಿ, ಜೇಬಿಗೆ ಕೈ ಹಾಕುತ್ತ, “ಇದನ್ನೂ ನೆಟ್ಟಗೆ ಮಾಡಬಹುದು, ಪ್ರಮಾಣ ಸ್ವಲ್ಪ ಜಾಸ್ತಿ ಬೇಕಾದೀತು” ಎಂದರು. ಅತ್ತೆಯವರು ಆಗಲೇ ತಲೆಯಾಡಿಸುತ್ತಿದ್ದರು.